ಕತೆಯ ಪಕ್ಕದ ಚಿತ್ರ: ಓದುಗರ ಪ್ರಶ್ನೆಗಳಿಗೆ ಚಿತ್ರಕಾರರ ಉತ್ತರ

ಈ ಪತ್ರಿಕೆಯ ಕತೆ, ಕವಿತೆ ಮತ್ತು ಲೇಖನಗಳಿಗೆ ನಾನು ಬರೆಯುವ ಚಿತ್ರಗಳ ಬಗ್ಗೆ ಪ್ರಶ್ನೆಗಳಿದ್ದರೆ ಕಳುಹಿಸಬಹುದೆಂದು ಸಂಪಾದಕರು ಪ್ರಕಟಿಸಿದ್ದರು. ಬಂದ ಪತ್ರಗಳಲ್ಲಿ ಒಂದೇ ವಿಷಯವನ್ನು ಕೇಳಿದವುಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ಹೆಸರು ಬೇಡವೆಂದು ಹಲವರು ಕೋರಿರುವುದರಿಂದ ಎಲ್ಲರದೂ ಊರನ್ನು ಮಾತ್ರ ಕೊಡಲಾಗಿದೆ.

ಪ್ರಶ್ನೆ: ನಿಮಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ? ದೊಡ್ಡ ನಗರಗಳ ಗ್ಯಾಲರಿಗಳನ್ನು ನೋಡುವ ಅವಕಾಶವಿಲ್ಲದ ನಮ್ಮಂಥವರು ಏನನ್ನು ನೋಡಿ ಕಲಿಯಬೇಕು?
(ಕಲಾ ವಿದ್ಯಾರ್ಥಿನಿ, ಮಂಡ್ಯ)

ಉತ್ತರ: ಪತ್ರಿಕೆಗೆ ಚಿತ್ರ ಬರೆಯುವವರಿಗೆ ಮೊದಲ ಸ್ಫೂರ್ತಿ ಕೈಗೆ ಬಂದ ಬರಹವೇ. ಅದಕ್ಕೆ ರೂಪ ಕೊಡುವ ಬಗೆಯನ್ನು ಮಾತ್ರ ಹಿಂದಿನ ಚಿತ್ರಕಾರರಿಂದಲೂ ಶಿಲ್ಪಿಗಳಿಂದಲೂ ಕಲಿಯಬೇಕಾಗುತ್ತದೆ, ಮತ್ತು ಅದಕ್ಕಾಗಿ ನೀವು ದೂರ ಹೋಗಬೇಕಾಗಿಲ್ಲ. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆಯಾದ ದರಿಯಾ ದೌಲತ್ ಬಾಗ್ ನಿಮ್ಮ ಜಿಲ್ಲೆಯ ಶ್ರೀರಂಗಪಟ್ಟಣದಲ್ಲೇ ಇದೆ. ಅದರ ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕದನದ ಚಿತ್ರವಿದೆ. ಬ್ರಿಟಿಷ್ ಪಡೆ ಚೌಕಾಕಾರವಾಗಿ ನಿಂತಿದೆ, ನಡುವೆ ಗಾಯಗೊಂಡ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿದ್ದಾನೆ, ಮದ್ದುಗುಂಡಿನ ಬಂಡಿ ಸಿಡಿಯುತ್ತಿದೆ, ಸುತ್ತಲಿಂದ ಮೈಸೂರಿನ ಸವಾರರು ಮುತ್ತುತ್ತಿದ್ದಾರೆ. ದೂರದ್ದು ಚಿಕ್ಕದಾಗಿಯೂ ಹತ್ತಿರದ್ದು ದೊಡ್ಡದಾಗಿಯೂ ಕಾಣಬೇಕೆಂಬ ನಿಯಮವನ್ನು ಆ ಚಿತ್ರಕಾರರು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಸಿಪಾಯಿಗಳನ್ನು ಪಕ್ಕದಿಂದ ಕಂಡಂತೆ, ಒಬ್ಬನ ಹಿಂದೊಬ್ಬನನ್ನು ಒಂದೇ ಉಡುಪಿನಲ್ಲಿ ಸಾಲುಸಾಲಾಗಿ ನಿಲ್ಲಿಸಿದ್ದಾರೆ, ಆ ಪುನರಾವರ್ತನೆಯಿಂದಲೇ ದಂಡು ದಂಡಾಗಿ ಕಾಣುತ್ತದೆ. ಜಾತ್ರೆಯ ಜನಸಂದಣಿಯನ್ನು ಅರ್ಧ ಪುಟದಲ್ಲಿ ಹಿಡಿಸಬೇಕಾದಾಗ ನಾನು ಈಗಲೂ ಆ ಗೋಡೆಯನ್ನೇ ನೆನೆಯುತ್ತೇನೆ. ನಂತರದ ಕಾಲದಲ್ಲಿ ಅದಕ್ಕೆ ಮತ್ತೆ ಬಣ್ಣ ಹಚ್ಚಿ ದುರಸ್ತಿ ಮಾಡಿದ್ದಾರೆಂಬುದು ನಿಜ, ಆದರೆ ಆಕೃತಿಗಳನ್ನು ಜೋಡಿಸಿದ ಕ್ರಮವನ್ನು ಕಲಿಯಲು ಅದು ಅಡ್ಡಿಯಲ್ಲ.

ಎರಡನೆಯದಾಗಿ, ಬನ್ನೂರಿನ ಮೂಲಕ ಸೋಮನಾಥಪುರಕ್ಕೆ ಹೋಗಿ. 13ನೆಯ ಶತಮಾನದ ಆ ಕೇಶವ ದೇವಾಲಯಕ್ಕೆ ಬರುವ ಬಹುಪಾಲು ಜನರು ದೊಡ್ಡ ವಿಗ್ರಹಗಳನ್ನು ನೋಡಿ ಹೊರಡುತ್ತಾರೆ. ನೀವು ಅವುಗಳ ಕೆಳಗಿನ ಪಟ್ಟಿಕೆಗಳನ್ನು ನೋಡಬೇಕು. ಆನೆ, ಕುದುರೆ, ಬಳ್ಳಿಗಳ ಸಾಲುಗಳ ಮೇಲೆ ಗೇಣುದ್ದದ ಆಕೃತಿಗಳಲ್ಲಿ ಕತೆ ಸಾಗುತ್ತದೆ: ಪ್ರದಕ್ಷಿಣೆ ಬರುತ್ತಿದ್ದಂತೆ ದಕ್ಷಿಣದಲ್ಲಿ ರಾಮಾಯಣ, ಹಿಂಬದಿಯಲ್ಲಿ ಭಾಗವತ, ಉತ್ತರದಲ್ಲಿ ಮಹಾಭಾರತ. ನೋಡುವವರು ನಡೆದರೆ ಮಾತ್ರ ಕತೆ ಮುಂದುವರಿಯುತ್ತದೆ ಎಂಬ ಲೆಕ್ಕಾಚಾರ ಅದರಲ್ಲಿದೆ. ಒಂದು ಪ್ರಸಂಗ ಮುಗಿದು ಇನ್ನೊಂದು ಆರಂಭವಾಗುವುದನ್ನು ಒಂದು ಮರವೋ ಮಂಟಪದ ಕಂಬವೋ ಸೂಚಿಸುತ್ತದೆ. ಚಿತ್ರಕತೆಗೆ ಚೌಕಟ್ಟುಗಳನ್ನು ಎಳೆಯಲು ಕಲಿಯುವ ವಿದ್ಯಾರ್ಥಿಗಳು, ಗೆರೆಯಿಲ್ಲದೆ ಚೌಕಟ್ಟು ಕಟ್ಟಿದ ಈ ಶಿಲ್ಪಿಗಳನ್ನು ಮೊದಲು ಓದಿಕೊಳ್ಳುವುದು ಒಳ್ಳೆಯದು. ಅಲ್ಲಿ ಕೆಲಸ ಮಾಡಿದ ಮಲ್ಲಿತಮ್ಮ ತನ್ನ ವಿಗ್ರಹಗಳ ಕೆಳಗೆ ಹೆಸರನ್ನು ಕೆತ್ತಿದ್ದಾನೆ. ಚಿತ್ರದ ಮೂಲೆಯಲ್ಲಿ ಸಹಿ ಹಾಕಲು ನಾಚುವವರಿಗೆ ಇದನ್ನು ಹೇಳುತ್ತಿರುತ್ತೇನೆ.

ಮೂರನೆಯದು ತೊಗಲು ಗೊಂಬೆ. ನಿಮ್ಮ ಜಿಲ್ಲೆಯಲ್ಲಿ ಈ ಆಟದ ಪರಂಪರೆ ಇದೆ. ಆಡಿನ ಚರ್ಮವನ್ನು ಹದಮಾಡಿ, ಬೆಳಕು ಹಾಯುವ ಬಣ್ಣ ಹಚ್ಚಿ, ಒಡವೆ ಮತ್ತು ಸೀರೆಯ ಅಂಚು ಬರುವಲ್ಲಿ ಸಣ್ಣ ರಂಧ್ರಗಳನ್ನು ಕೊರೆದಿರುತ್ತಾರೆ. ಪರದೆಯ ಹಿಂದೆ ದೀಪ ಹಚ್ಚಿದಾಗ ಆ ರಂಧ್ರಗಳು ಬೆಳಕಿನ ಗೆರೆಗಳಾಗಿ ತೋರುತ್ತವೆ. ಕಪ್ಪು ಮಸಿಯಲ್ಲಿ ಕೆಲಸ ಮಾಡುವವರಿಗೆ ಇಲ್ಲಿರುವ ಪಾಠವೆಂದರೆ, ಬಿಳಿಯನ್ನು ಬರೆಯಲಾಗುವುದಿಲ್ಲ, ಅದನ್ನು ಉಳಿಸಿಕೊಳ್ಳಬೇಕು ಎಂಬುದು. ಇವುಗಳನ್ನೆಲ್ಲ ನೋಡಿದ ಮೇಲೆ ಹತ್ತಿರದ ಆಲೆಮನೆಗೆ ಹೋಗಿ, ಕೊಪ್ಪರಿಗೆಯ ಮುಂದೆ ನಿಂತು ಪಾಕವನ್ನು ತಿರುವುವವರ ಬೆನ್ನು, ಭುಜ ಮತ್ತು ಕಾಲುಗಳ ನಿಲುವನ್ನು ಬೇಗಬೇಗ ಬರೆದುಕೊಳ್ಳಿ. ಮುಖ ಬರೆಯುವ ಗೋಜಿಗೆ ಹೋಗಬೇಡಿ. ಹಬೆಯಲ್ಲಿ ಮುಖ ಹೇಗೂ ಸರಿಯಾಗಿ ಕಾಣುವುದಿಲ್ಲ.

ಪ್ರಶ್ನೆ: ನಿಮ್ಮ ಮೆಚ್ಚಿನ ಸಾಧನಗಳು ಯಾವುವು? ನಿವೃತ್ತಿಯ ನಂತರ ಚಿತ್ರ ಕಲಿಯುತ್ತಿರುವ ನಾನು ಅಂಗಡಿಗೆ ಹೋದಾಗಲೆಲ್ಲ ಏನನ್ನು ಕೊಳ್ಳಬೇಕೆಂದು ತಿಳಿಯದೆ ಹಿಂದಿರುಗುತ್ತೇನೆ.
(ನಿವೃತ್ತ ಅಧ್ಯಾಪಕರು, ಕುವೆಂಪುನಗರ, ಮೈಸೂರು)

ಉತ್ತರ: ಕೊಳ್ಳದೆ ಹಿಂದಿರುಗಿದ್ದು ಜಾಣತನವೇ. ನನ್ನ ಮೇಜಿನ ಮೇಲೆ ದಿನವೂ ಬಳಕೆಯಾಗುವ ವಸ್ತುಗಳು ಕಡಿಮೆ: 2ಬಿ ಪೆನ್ಸಿಲ್, ಅದ್ದಿ ಬರೆಯುವ ನಿಬ್ಬಿನ ಲೇಖನಿ, ಇಂಡಿಯನ್ ಇಂಕ್, ತುದಿ ಚೂಪಾಗಿ ಕೂಡುವ 6ನೇ ಸಂಖ್ಯೆಯ ದುಂಡು ಕುಂಚ, ಹತ್ತಕ್ಕೂ ಕಡಿಮೆ ಜಲವರ್ಣಗಳು. ಇವುಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಿಬ್ಬನ್ನು ಇಟ್ಟುಕೊಳ್ಳುತ್ತೇನೆ. ಒತ್ತಿದರೆ ಅದರ ಎರಡು ಸೀಳುಗಳು ಅಗಲಿ ಗೆರೆ ದಪ್ಪವಾಗುತ್ತದೆ, ಸಡಿಲಿಸಿದರೆ ಕೂದಲಿನಷ್ಟು ತೆಳುವಾಗುತ್ತದೆ, ಆದ್ದರಿಂದ ಸೀರೆಯ ನೆರಿಗೆಯನ್ನು ಕೈ ಎತ್ತದೆ ಒಂದೇ ಗೆರೆಯಲ್ಲಿ ಬರೆಯಬಹುದು. ಒಂದೇ ದಪ್ಪದ ಗೆರೆ ಕೊಡುವ ತಾಂತ್ರಿಕ ಪೆನ್ನುಗಳಿಂದ ಕಟ್ಟಡಗಳನ್ನು ಬರೆಯಬಹುದು, ಮನುಷ್ಯರನ್ನು ಬರೆದರೆ ಅವರೂ ಕಟ್ಟಡಗಳಂತೆಯೇ ನಿಂತುಬಿಡುತ್ತಾರೆ ಎಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ಒಳ್ಳೆಯ ಚಿತ್ರಕಾರರು ಬೇಕಾದಷ್ಟು ಜನರಿದ್ದಾರೆ.

ಇಂಡಿಯನ್ ಇಂಕ್ ಬಗ್ಗೆ ಒಂದು ಎಚ್ಚರಿಕೆ. ಅದರಲ್ಲಿ ಮಸಿಯ ಪುಡಿಯ ಜೊತೆಗೆ ಸಾಮಾನ್ಯವಾಗಿ ಅರಗು ಬೆರೆತಿರುತ್ತದೆ. ಒಣಗಿದ ಮೇಲೆ ನೀರಿಗೆ ಕರಗದಿರುವುದು ಅದರಿಂದಲೇ, ಮತ್ತು ಅದರ ಮೇಲೆ ಧೈರ್ಯವಾಗಿ ಜಲವರ್ಣ ಹಚ್ಚಲು ಸಾಧ್ಯವಾಗುವುದೂ ಅದರಿಂದಲೇ. ಆದರೆ ಅದನ್ನು ಫೌಂಟನ್ ಪೆನ್ನಿಗೆ ತುಂಬಿಸಿದರೆ ಅರಗು ಒಳಗೇ ಗಟ್ಟಿಯಾಗಿ ಪೆನ್ನು ಹಾಳಾಗುತ್ತದೆ. ನಿಬ್ಬನ್ನೂ ಕೆಲಸ ಮುಗಿದೊಡನೆ ತೊಳೆದು ಒರೆಸಿಡದಿದ್ದರೆ ತುಕ್ಕು ಹಿಡಿಯುತ್ತದೆ.

ಪೆನ್ಸಿಲ್‌ಗಳ ಮೇಲಿನ ಸಂಖ್ಯೆಗಳು ಹಲವರನ್ನು ಹೆದರಿಸುತ್ತವೆ. ಕಡ್ಡಿಯಲ್ಲಿರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ಮಣ್ಣು ಹೆಚ್ಚಾದಷ್ಟೂ ಗೆರೆ ಗಟ್ಟಿ ಮತ್ತು ಮಾಸಲು, ಗ್ರಾಫೈಟ್ ಹೆಚ್ಚಾದಷ್ಟೂ ಮೆದು ಮತ್ತು ಕಪ್ಪು. ಎಚ್‌ಬಿ, 2ಬಿ, 4ಬಿ ಈ ಮೂರಿದ್ದರೆ ತಮ್ಮ ಕಲಿಕೆಗೆ ಸಾಕು. ಮೈಸೂರು ಸಂಪ್ರದಾಯದ ಚಿತ್ರಕಾರರು ಹುಣಸೆ ಕಡ್ಡಿಗಳನ್ನು ಗಾಳಿಯಾಡದ ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ತಯಾರಿಸಿದ ಇದ್ದಿಲಿನಿಂದ ಕರಡು ಎಳೆಯುತ್ತಿದ್ದರು. ಬಟ್ಟೆಯಿಂದ ಹೊಡೆದರೆ ಗೆರೆ ಉದುರಿಹೋಗುವುದರಿಂದ ಅವರಿಗೆ ರಬ್ಬರಿನ ಅಗತ್ಯವೇ ಇರಲಿಲ್ಲ. ಇದನ್ನು ತಾವು ಮನೆಯಲ್ಲೇ ಮಾಡಿ ನೋಡಬಹುದು.

ಹಣವನ್ನು ಉಳಿಸಬಾರದ ಒಂದೇ ಕಡೆಯೆಂದರೆ ಕಾಗದ. ಜಲವರ್ಣ ಪಾರದರ್ಶಕವಾದದ್ದು, ಬಣ್ಣದೊಳಗಿಂದ ಹೊಳೆಯುವುದು ಕಾಗದದ ಬಿಳುಪೇ. ತೆಳುವಾದ ಕಾಗದ ನೀರು ತಗುಲಿದೊಡನೆ ಸುರುಟಿಕೊಂಡು ಬಣ್ಣವನ್ನು ಗುಳಿಗಳಲ್ಲಿ ನಿಲ್ಲಿಸುತ್ತದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ, ಹತ್ತಿಯಿಂದ ಮಾಡಿದ ಕಾಗದದ ಮೇಲೆ ವಿದ್ಯಾರ್ಥಿಗಳ ದರ್ಜೆಯ ಬಣ್ಣವೂ ಚೆನ್ನಾಗಿ ಕೂಡುತ್ತದೆ, ಆದರೆ ಅಗ್ಗದ ಕಾಗದದ ಮೇಲೆ ದುಬಾರಿ ಬಣ್ಣ ಹಚ್ಚಿ ಪ್ರಯೋಜನವಿಲ್ಲ. ಅಭ್ಯಾಸಕ್ಕೆ ಅಷ್ಟು ಬೆಲೆಯ ಹಾಳೆ ಬೇಡವೆನ್ನಿಸಿದರೆ ಅದನ್ನೇ ಎಂಟು ತುಂಡು ಮಾಡಿಕೊಂಡು ಸಣ್ಣ ಚಿತ್ರಗಳನ್ನು ಬರೆಯಿರಿ.

ಪ್ರಶ್ನೆ: ಮೂರನೇ ತರಗತಿಯ ಮಗಳಿಗೆ ಚಿತ್ರದ ಹುಚ್ಚು. ಏನು ಕೊಡಿಸಲಿ?
(ಗೃಹಿಣಿ, ಮದ್ದೂರು)

ಉತ್ತರ: ಮೇಣದ ಬಣ್ಣದ ಕಡ್ಡಿಗಳು ಮತ್ತು ಒಂದು ಬದಿ ಖಾಲಿಯಿರುವ ಕಾಗದದ ದೊಡ್ಡ ಕಟ್ಟು. ಬಣ್ಣ ತುಂಬುವ ಪುಸ್ತಕಗಳನ್ನು ದಯವಿಟ್ಟು ಕೊಡಿಸಬೇಡಿ.

ಪ್ರಶ್ನೆ: ನನ್ನ ಕತೆಯಲ್ಲಿ ಬಾವಿಕಟ್ಟೆಯ ಬಳಿ ಓರಗಿತ್ತಿಯರು ಆಡುವ ಜಗಳವೇ ಮುಖ್ಯ ಸನ್ನಿವೇಶ. ತಾವು ಜಗಳವನ್ನು ಬಿಟ್ಟು ಖಾಲಿ ಕೊಡ ಮತ್ತು ರಾಟೆಯ ಹಗ್ಗವನ್ನಷ್ಟೇ ಬರೆದಿದ್ದಿರಿ. ಕತೆಯನ್ನು ಪೂರ್ತಿ ಓದಿದ ಮೇಲೆಯೇ ಚಿತ್ರ ಬರೆಯುತ್ತೀರಾ?
(ಕತೆಗಾರ್ತಿ, ಸರಸ್ವತಿಪುರಂ, ಮೈಸೂರು)

ಉತ್ತರ: ಪೂರ್ತಿ ಓದುತ್ತೇನೆ ಮೇಡಂ, ಮತ್ತು ಓದಿದ್ದರಿಂದಲೇ ಜಗಳವನ್ನು ಬಿಟ್ಟೆ. ಪತ್ರಿಕೆಯ ಪುಟ ತಿರುವಿದವರ ಕಣ್ಣು ಮೊದಲ ವಾಕ್ಯಕ್ಕಿಂತ ಮೊದಲು ಚಿತ್ರದ ಮೇಲೆ ಬೀಳುತ್ತದೆ. ಇಬ್ಬರು ಹೆಂಗಸರು ಕೈ ಎತ್ತಿ ನಿಂತದ್ದನ್ನು ಶೀರ್ಷಿಕೆಯ ಪಕ್ಕದಲ್ಲೇ ತೋರಿಸಿದ್ದರೆ, ತಾವು ಎರಡು ಪುಟಗಳ ಮೌನದಿಂದ ಕಟ್ಟಿ ತಂದ ಆ ಮಾತಿನ ಸ್ಫೋಟ ಓದುಗರಿಗೆ ಮೊದಲೇ ತಿಳಿದುಬಿಡುತ್ತಿತ್ತು. ಅಲ್ಲದೆ ಜಗಳದ ಸಂಭಾಷಣೆಯನ್ನು ತಾವು ಎಷ್ಟು ಚೆನ್ನಾಗಿ ಬರೆದಿದ್ದೀರೆಂದರೆ, ಅದನ್ನೇ ಮತ್ತೆ ಗೆರೆಗಳಲ್ಲಿ ಹೇಳುವುದರಿಂದ ಪುಟಕ್ಕೆ ಹೊಸದೇನೂ ಸೇರುತ್ತಿರಲಿಲ್ಲ. ಕತೆಯಲ್ಲಿ ಒಂದೇ ಒಂದು ಸಲ ಬಂದುಹೋಗುವ ಖಾಲಿ ಕೊಡವನ್ನು ಬರೆದರೆ, ಅದು ಯಾಕೆ ಖಾಲಿಯಾಗಿದೆ ಎಂಬ ಪ್ರಶ್ನೆಯನ್ನು ಹೊತ್ತು ಓದುಗರು ಒಳಗೆ ಹೋಗುತ್ತಾರೆ.

ಬರಹವು ಚಿತ್ರಕ್ಕೆ ಎಲ್ಲವನ್ನೂ ವಿಧಿಸಿದ ಪರಂಪರೆಯೂ ನಮ್ಮ ಊರಿನಲ್ಲೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸಿದ್ಧವಾದ, ಒಂಬತ್ತು ನಿಧಿಗಳಾಗಿ ವಿಂಗಡಿಸಿದ ಶ್ರೀತತ್ತ್ವನಿಧಿ ಎಂಬ ಸಚಿತ್ರ ಗ್ರಂಥದಲ್ಲಿ ದೇವತೆಯ ಮೈಬಣ್ಣ, ಕೈಗಳ ಸಂಖ್ಯೆ, ಆಯುಧ, ವಾಹನ ಎಲ್ಲವನ್ನೂ ಧ್ಯಾನಶ್ಲೋಕವೇ ಹೇಳುತ್ತದೆ, ಮತ್ತು ಚಿತ್ರ ಅದನ್ನು ತಪ್ಪದೆ ಪಾಲಿಸುತ್ತದೆ. ಅಲ್ಲಿ ಆ ನಿಷ್ಠೆ ಬೇಕು, ಏಕೆಂದರೆ ಆ ಚಿತ್ರವನ್ನು ನೋಡಿ ದೇವತೆಯನ್ನು ಗುರುತಿಸಬೇಕಾಗಿದೆ. ಇಷ್ಟೆಲ್ಲ ಕಟ್ಟಳೆಯ ನಡುವೆಯೂ ಮೈಸೂರಿನ ಚಿತ್ರಕಾರರು ಉಡುಪಿನ ಅಂಚಿನಲ್ಲಿ, ಹಿನ್ನೆಲೆಯ ಗಿಡಮರಗಳಲ್ಲಿ ತಮ್ಮ ಕೈಚಳಕಕ್ಕೆ ಜಾಗ ಮಾಡಿಕೊಂಡರು. ಸಣ್ಣಕತೆ ಧ್ಯಾನಶ್ಲೋಕವಲ್ಲ. ಅದರ ಪಾತ್ರದ ಮುಖವನ್ನು ಪ್ರತಿಯೊಬ್ಬ ಓದುಗನೂ ತಾನೇ ಕಲ್ಪಿಸಿಕೊಂಡಿರುತ್ತಾನೆ, ಹಾಗಾಗಿ ಮುಖಗಳನ್ನು ಬರೆಯುವುದರಲ್ಲಿ ನಾನು ಜಿಪುಣ. ಬೆನ್ನು, ಕೈ, ಚಪ್ಪಲಿ, ಅರ್ಧ ತೆರೆದ ಬಾಗಿಲು ಇವುಗಳಿಂದ ಎಷ್ಟನ್ನು ಹೇಳಬಹುದೋ ಅಷ್ಟನ್ನು ಹೇಳಿದ ನಂತರವೇ ಮುಖದ ಕಡೆಗೆ ಹೋಗುತ್ತೇನೆ.

ವಿವರಗಳ ವಿಷಯದಲ್ಲಿ ಮಾತ್ರ ಲೇಖಕರಿಗೆ ನಾನು ಪೂರ್ಣ ಅಧೀನ. ತಮ್ಮ ಕತೆಯ ಬಾವಿಗೆ ಕಲ್ಲಿನ ಕಟ್ಟೆಯೋ ಸಿಮೆಂಟಿನ ಬಳೆಯೋ, ಕೊಡ ಹಿತ್ತಾಳೆಯದೋ ಪ್ಲಾಸ್ಟಿಕ್ಕಿನದೋ ಎಂಬುದರಿಂದ ಕತೆಯ ಕಾಲವೇ ಬದಲಾಗುತ್ತದೆ. ಕತೆಯ ಜೊತೆಗೆ ಅಂಥ ನಾಲ್ಕು ಸಾಲಿನ ಟಿಪ್ಪಣಿಯನ್ನು ಲೇಖಕರು ಕಳುಹಿಸಿದರೆ ಬಹಳ ಉಪಕಾರ.

ಪ್ರಶ್ನೆ: ದೀಪಾವಳಿ ವಿಶೇಷಾಂಕದಲ್ಲಿ ರೈತರ ಕತೆಯೊಂದಕ್ಕೆ ಬೆಲ್ಲದಿಂದ ಮಾಡಿದ ಮಸಿಯಲ್ಲಿ ಚಿತ್ರ ಬರೆದಿರುವುದಾಗಿ ಅಡಿಬರಹವಿತ್ತು. ಇದು ನಿಜವೇ? ಮಾಡುವುದು ಹೇಗೆ? ಇಂಥ ಬೇರೆ ಪ್ರಯೋಗಗಳಿವೆಯೇ?
(ಓದುಗರು, ಶ್ರೀರಂಗಪಟ್ಟಣ)

ಉತ್ತರ: ನಿಜ. ಇದು ನನ್ನ ಆವಿಷ್ಕಾರವಲ್ಲ, ಶ್ರೀಕಾಳಹಸ್ತಿಯ ಕಲಂಕಾರಿ ಕುಶಲಿಗಳು ಬಟ್ಟೆಯ ಮೇಲೆ ಕಪ್ಪು ಗೆರೆ ಎಳೆಯಲು ಬಳಸುವ ವಿಧಾನವನ್ನು ಕಾಗದಕ್ಕೆ ಒಗ್ಗಿಸಿಕೊಂಡಿದ್ದೇನೆ. ಕಬ್ಬು ಬೆಳೆಯುವ ಸೀಮೆಯ ಕತೆಗೆ ಆ ಸೀಮೆಯ ಬೆಲ್ಲದಿಂದಲೇ ಗೆರೆ ಮೂಡಲಿ ಎಂಬ ಆಸೆಯೂ ಅದರ ಹಿಂದಿತ್ತು.

ತುಕ್ಕು ಹಿಡಿದ ಮೊಳೆ ಮತ್ತು ಕಬ್ಬಿಣದ ಚೂರುಗಳನ್ನು ಮಣ್ಣಿನ ಮಡಕೆಯಲ್ಲಿಟ್ಟು, ಬೆಲ್ಲ ಕರಗಿಸಿದ ನೀರನ್ನು ಅವು ಮುಳುಗುವಷ್ಟು ಸುರಿದು, ಬಾಯಿಗೆ ಬಟ್ಟೆ ಕಟ್ಟಿ ನೆರಳಿನಲ್ಲಿಡಬೇಕು. ಬೆಲ್ಲದ ನೀರು ಹುಳಿತು ನೊರೆಯೇಳುತ್ತದೆ, ಅನಿಲ ಹೊರಬರುವುದರಿಂದ ಬಿಗಿಯಾದ ಮುಚ್ಚಳ ಹಾಕಬಾರದು. ಹುಳಿಯುವಾಗ ಉಂಟಾದ ಆಮ್ಲಗಳು ಕಬ್ಬಿಣವನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತವೆ. ಎರಡು ಮೂರು ವಾರಗಳಲ್ಲಿ ನೊರೆ ನಿಂತ ಮೇಲೆ ಸೋಸಿದರೆ ಸಿಗುವ ದ್ರವ ಕಂದು ಬಣ್ಣದ್ದು, ನೋಡಿದರೆ ಇದೆಂಥ ಮಸಿ ಎನ್ನಿಸುತ್ತದೆ. ಅದು ಕಪ್ಪಾಗಬೇಕಾದರೆ ಕಾಗದದ ಮೇಲೆ ಒಗರಿನ ಅಂಶ ಇರಬೇಕು. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಅಳಲೆಕಾಯಿಯನ್ನು ಜಜ್ಜಿ ಕುದಿಸಿ, ಆ ಕಷಾಯವನ್ನು ಕಾಗದಕ್ಕೆ ಬಳಿದು ಒಣಗಿಸಿಕೊಳ್ಳಬೇಕು. ಅದರ ಮೇಲೆ ಕುಂಚದಿಂದ ಬೆಲ್ಲದ ದ್ರವವನ್ನು ಎಳೆದಾಗ, ಅಳಲೆಯ ಒಗರು ಮತ್ತು ಕಬ್ಬಿಣ ಕೂಡಿ ಗೆರೆ ಕಣ್ಣೆದುರಿಗೇ ಬೂದುಗಪ್ಪಾಗುತ್ತದೆ, ಗಾಳಿಗೆ ಒಡ್ಡಿದಂತೆಲ್ಲ ಇನ್ನಷ್ಟು ಗಾಢವಾಗುತ್ತದೆ. ಬರೆಯುವ ಕ್ಷಣದಲ್ಲಿ ಗೆರೆ ಎಷ್ಟು ಕಪ್ಪಾಗುವುದೆಂದು ತಿಳಿಯದು. ಈ ಅನಿಶ್ಚಿತತೆಯೇ ನನ್ನನ್ನು ಮತ್ತೆ ಮತ್ತೆ ಆ ಮಡಕೆಯ ಬಳಿಗೆ ಕರೆದೊಯ್ಯುತ್ತದೆ. ಅಂಗಡಿಯ ಶೀಷೆಯ ಮಸಿಯಲ್ಲಿ ಈ ಸುಖವಿಲ್ಲ.

ಇದರ ದೋಷವನ್ನೂ ಹೇಳಬೇಕು. ಕಬ್ಬಿಣದಿಂದಾದ ಮಸಿಗಳು ಕಾಲಾಂತರದಲ್ಲಿ ಕಾಗದವನ್ನು ಕಂದಾಗಿಸಿ ತಿನ್ನುತ್ತವೆ. ಮುದ್ರಣಕ್ಕಾಗಿ ಸ್ಕ್ಯಾನ್ ಮಾಡಿಕೊಂಡರೆ ನನ್ನ ಕೆಲಸ ಮುಗಿಯುವುದರಿಂದ ನನಗೆ ಇದು ತೊಂದರೆಯಲ್ಲ, ಆದರೆ ಮೂಲಚಿತ್ರವನ್ನು ಚೌಕಟ್ಟು ಹಾಕಿಸಿ ಮಾರುವವರು ಈ ಮಸಿಯನ್ನು ಬಳಸಬಾರದು. ಬೆಲ್ಲ ಹುಳಿಯುವ ತನಕ ಕಾಯಲಾರದವರು ಅಳಲೆಯ ಕಷಾಯಕ್ಕೆ ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ಬೆರೆಸಿದರೂ ಕಪ್ಪು ಸಿಗುತ್ತದೆ. ಅದಕ್ಕೆ ಅಡುಗೆಯ ಪಾತ್ರೆಗಳನ್ನು ಮುಟ್ಟಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಬೇರೆ ಪ್ರಯೋಗಗಳಲ್ಲಿ ಅರಿಶಿನದ್ದು ಸುಲಭ. ಅರಿಶಿನದ ನೀರು ಬಳಿದ ಕಾಗದದ ಮೇಲೆ ಸುಣ್ಣದ ತಿಳಿಯಿಂದ ಬರೆದರೆ ಗೆರೆ ಕೆಂಪಾಗಿ ಮೂಡುತ್ತದೆ. ನಮ್ಮ ಮನೆಗಳ ಓಕುಳಿಯ ತಟ್ಟೆಯಲ್ಲಿ ನಡೆಯುವುದೂ ಇದೇ. ಹಬ್ಬದ ಕವಿತೆಗಳಿಗೆ ಅದು ಒಪ್ಪುತ್ತದೆ, ಆದರೆ ಅರಿಶಿನ ಬಿಸಿಲಿಗೆ ಬೇಗ ಮಾಸುವುದರಿಂದ ಬರೆದ ದಿನವೇ ಸ್ಕ್ಯಾನ್ ಮಾಡಬೇಕು. ತಾಳೆಗರಿಯ ಬರವಣಿಗೆಯಿಂದ ಕಲಿತದ್ದು ಇನ್ನೊಂದು. ಗರಿಯ ಮೇಲೆ ಕಂಟವೆಂಬ ಚೂಪು ಕಬ್ಬಿಣದ ಲೇಖನಿಯಿಂದ ಅಕ್ಷರಗಳನ್ನು ಕೊರೆದು, ಆಮೇಲೆ ಮಸಿ ತಿಕ್ಕಿ ಒರೆಸಿದರೆ ಕೊರೆದ ಕಡೆ ಮಾತ್ರ ಕಪ್ಪು ಉಳಿಯುತ್ತದೆ. ನಯವಾದ ದಪ್ಪ ರಟ್ಟಿನ ಮೇಲೆ ದಬ್ಬಳದಿಂದ ಹೀಗೆಯೇ ಕೊರೆದು ಕಾಡಿಗೆ ತಿಕ್ಕಿ ನೋಡಿದೆ. ಮುದುಕರ ಕೈ ಮತ್ತು ಮರದ ತೊಗಟೆ ಇದರಲ್ಲಿ ಬಹಳ ಚೆನ್ನಾಗಿ ಬರುತ್ತವೆ. ಎಳೆಯ ಮಕ್ಕಳ ಕೆನ್ನೆ ಬರುವುದೇ ಇಲ್ಲ.

ಪ್ರಶ್ನೆ: ಟ್ಯಾಬ್ಲೆಟ್‌ನಲ್ಲಿ ಎಲ್ಲ ಕುಂಚಗಳೂ ಸಿಗುವಾಗ ಇಷ್ಟೆಲ್ಲ ಶ್ರಮ ಏಕೆ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು)

ಉತ್ತರ: ನಾನೂ ಟ್ಯಾಬ್ಲೆಟ್ ಬಳಸುತ್ತೇನೆ. ಸಂಜೆ ಕತೆ ಬಂದು ಬೆಳಿಗ್ಗೆ ಪುಟ ಮುದ್ರಣಕ್ಕೆ ಹೋಗಬೇಕಾದಾಗ ಅದರಷ್ಟು ಉಪಕಾರಿ ಬೇರೊಂದಿಲ್ಲ. ನನ್ನ ಆಕ್ಷೇಪ ಯಂತ್ರದ ಮೇಲಲ್ಲ, ಅದರಲ್ಲಿ ಬರೆಯುವವರು ಮುದ್ರಣವನ್ನು ಮರೆಯುವುದರ ಮೇಲೆ. ಪರದೆ ಕೆಂಪು, ಹಸಿರು, ನೀಲಿ ಬೆಳಕುಗಳಿಂದ ಬಣ್ಣ ತೋರಿಸುತ್ತದೆ, ಮುದ್ರಣಯಂತ್ರ ಸಯಾನ್ (ತಿಳಿನೀಲಿ), ಮಜೆಂಟಾ (ನೇರಳೆಗೆಂಪು), ಹಳದಿ, ಕಪ್ಪು ಮಸಿಗಳಿಂದ ತೋರಿಸುತ್ತದೆ. ಪರದೆಯ ಮೇಲೆ ಮಿಂಚುವ ಗಿಳಿಹಸಿರು ಕಾಗದಕ್ಕೆ ಇಳಿದಾಗ ಮಂಕಾಗುವುದು ಇದರಿಂದ. ಮೊದಲಿನಿಂದಲೇ ಸಿಎಂವೈಕೆ, ಅಂದರೆ ಈ ನಾಲ್ಕು ಮಸಿಗಳ ಬಣ್ಣಗಳಲ್ಲಿ ಪರೀಕ್ಷಿಸುತ್ತಾ ಬರೆಯಿರಿ. ಎ4 ಅಳತೆಯ ಪುಟಕ್ಕೆ 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕೆ) 2480 ಮತ್ತು 3508 ಪಿಕ್ಸೆಲ್‌ಗಳ ಹಾಳೆ ಬೇಕಾಗುತ್ತದೆ, ಬರೀ ಗೆರೆಯ ಚಿತ್ರವಾದರೆ 600 ಡಿಪಿಐ ಅಥವಾ ಅದಕ್ಕಿಂತ ಹೆಚ್ಚು ಇರುವುದು ಮೇಲು. ಸುದ್ದಿಪತ್ರಿಕೆಯ ಕಾಗದ ಮಸಿಯನ್ನು ಹೀರಿ ಹರಡಿಸುತ್ತದೆ, ಆದ್ದರಿಂದ ಪರದೆಯನ್ನು ಹಿಗ್ಗಿಸಿಕೊಂಡು ಎಳೆದ ಒತ್ತೊತ್ತಾದ ಗೆರೆಗಳು ಅಚ್ಚಿನಲ್ಲಿ ಒಂದೇ ಕಪ್ಪು ಮುದ್ದೆಯಾಗುತ್ತವೆ. ಚಿತ್ರವನ್ನು ಅಚ್ಚಾಗುವ ಅಳತೆಯಲ್ಲೇ ಮನೆಯ ಪ್ರಿಂಟರಿನಲ್ಲಿ ತೆಗೆದು ನೋಡುವ ರೂಢಿ ಇಟ್ಟುಕೊಳ್ಳಿ.

ಪ್ರಶ್ನೆ: ಮೈಸೂರು ಶೈಲಿಯ ಚಿನ್ನದ ಕೆಲಸವನ್ನು ಪತ್ರಿಕೆಯ ಚಿತ್ರಗಳಲ್ಲಿ ಏಕೆ ಬಳಸುವುದಿಲ್ಲ?
(ಓದುಗರು, ತಿ. ನರಸೀಪುರ)

ಉತ್ತರ: ಸ್ಕ್ಯಾನರಿಗೆ ಚಿನ್ನ ಕಾಣುವುದಿಲ್ಲ. ನೋಡುವವರು ತಲೆ ಅಲುಗಿಸಿದಾಗ ಬೆಳಕು ಜಾರುವುದೇ ಚಿನ್ನದ ರೇಕಿನ ಸೊಗಸು, ಅದು ಅಚ್ಚಿನಲ್ಲಿ ಕೊಳೆಗಂದು ಬಣ್ಣದ ತೇಪೆಯಾಗಿ ಬರುತ್ತದೆ. ತಂಜಾವೂರು ಚಿತ್ರಗಳಲ್ಲಿರುವಷ್ಟು ಎತ್ತರವಿಲ್ಲದ, ಬೆರಳು ಸವರಿದರೆ ಮಾತ್ರ ತಿಳಿಯುವ ಮೈಸೂರಿನ ತೆಳು ಉಬ್ಬುಕೆಲಸವಂತೂ ಸಂಪೂರ್ಣ ಮಾಯವಾಗುತ್ತದೆ. ಆ ಶೈಲಿಯಿಂದ ನಾನು ತೆಗೆದುಕೊಂಡಿರುವುದು ಅದರ ನಯವಾದ ಗೆರೆಯನ್ನು ಮಾತ್ರ. ಚಿನ್ನವನ್ನು ಜಗನ್ಮೋಹನ ಅರಮನೆಯ ಗ್ಯಾಲರಿಗೆ ಹೋಗಿ ಕಣ್ಣಾರೆ ನೋಡುವುದೇ ಸರಿ.

ಪ್ರಶ್ನೆ: ಕಲಾಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ನಾನು ಆಯ್ಕೆಯಾಗಲಿಲ್ಲ. ಚಿತ್ರಕಾರನಾಗುವ ಆಸೆ ಬಿಡಲೇ?
(ಯುವಕ, ಪಾಂಡವಪುರ)

ಉತ್ತರ: 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅವರಿಗೆ ಮುಂಬಯಿಯ ಜೆ. ಜೆ. ಕಲಾಶಾಲೆ ಪ್ರವೇಶ ನಿರಾಕರಿಸಿತ್ತು. ಅವರು ಇಲ್ಲಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದುತ್ತಾ ಅಣ್ಣ ಆರ್. ಕೆ. ನಾರಾಯಣ್ ಅವರ ಕತೆಗಳಿಗೆ ಚಿತ್ರ ಬರೆದರು, ಕನ್ನಡದ ಹಾಸ್ಯಪತ್ರಿಕೆ ಕೊರವಂಜಿಗೂ ಬರೆದರು. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ, ಎಲ್ಲರೂ ಲಕ್ಷ್ಮಣ್ ಆಗುವುದಿಲ್ಲ. ಅವರು ಕಾಗೆಗಳನ್ನು ಜೀವಮಾನವಿಡೀ ನೋಡಿದರು, ಬರೆದರು, ಮತ್ತೆ ನೋಡಿದರು. ನೀವು ಹಾಗೆ ಬಿಡದೆ ನೋಡುವ ವಸ್ತು ಯಾವುದು ಎಂಬುದನ್ನು ನನಗೆ ಬರೆದು ತಿಳಿಸಿ, ಜೊತೆಗೆ ಆ ವಸ್ತುವಿನ ನಾಲ್ಕು ಚಿತ್ರಗಳನ್ನೂ ಕಳುಹಿಸಿ. ಬಿಡಬೇಕೋ ಬೇಡವೋ ಎಂಬ ಮಾತನ್ನು ಅವುಗಳನ್ನು ನೋಡಿದ ಮೇಲೆ ಆಡೋಣ.

ಪ್ರಶ್ನೆ: ಮಳೆಗಾಲದಲ್ಲಿ ಜಲವರ್ಣ ಒಣಗುವುದೇ ಇಲ್ಲ, ಒಂದು ಬಣ್ಣ ಇನ್ನೊಂದರೊಳಗೆ ಹರಿದುಬಿಡುತ್ತದೆ. ಪರಿಹಾರವಿದೆಯೇ?
(ಓದುಗರು, ಕೃಷ್ಣರಾಜನಗರ)

ಉತ್ತರ: ಕೂದಲು ಒಣಗಿಸುವ ಯಂತ್ರವನ್ನು ಒಂದು ಮೊಳ ದೂರದಲ್ಲಿ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಒಣಗಿಸಿ. ಹತ್ತಿರ ಹಿಡಿದರೆ ಗಾಳಿಯ ರಭಸಕ್ಕೆ ಬಣ್ಣ ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಗೆರೆ ಕಟ್ಟುತ್ತದೆ. ಎರಡು ಚಿತ್ರಗಳನ್ನು ಒಟ್ಟಿಗೆ ಆರಂಭಿಸಿ, ಒಂದು ಒಣಗುವಾಗ ಇನ್ನೊಂದಕ್ಕೆ ಕೈ ಹಾಕುವುದೂ ಉಪಾಯವೇ. ಕಾಗದದ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗೋಡೆಗೆ ತಾಗದಂತೆ ಇಡಿ. ಶೀತ ಹಿಡಿದು ಅಂಟಿನ ಲೇಪ ಹಾಳಾದ ಕಾಗದ ಬಣ್ಣವನ್ನು ಒರೆಸುವ ಬಟ್ಟೆಯಂತೆ ಹೀರುತ್ತದೆ, ಅದನ್ನು ಯಾವ ಯಂತ್ರವೂ ಸರಿಪಡಿಸಲಾರದು.